ಸುತ್ತಳತೆ ಜೋರಾಗಿ ಓದುವ ಪದ್ಧತಿ

ಇದು ನಿಜವಾಗಿ ನಡೆದದ್ದು. ಒಂದಕ್ಷರ ಸುಳ್ಳಿದ್ದರೂ ನನ್ನ ಹೊಲಿಗೆ ಯಂತ್ರದ ಸೂಜಿ ನನ್ನ ಹೆಬ್ಬೆರಳಲ್ಲೇ ಮುರಿಯಲಿ. ಈಗಾಗಲೇ ಎರಡು ಸಲ ಮುರಿದಿದೆಯಲ್ಲ ಎಂದು ಕೇಳಬೇಡಿ. ಅವು ಬೇರೆ ಕಥೆಗಳಿಗೆ ಮುರಿದದ್ದು.

ನಾನು ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಓದಿದ್ದು ಐದನೇ ಕ್ಲಾಸು. ಆರನೇ ಕ್ಲಾಸಿನ ಬಾಗಿಲವರೆಗೂ ಹೋಗಿದ್ದೆ, ಒಳಗೆ ಲೆಕ್ಕದ ಮೇಷ್ಟರು ಕೂತಿದ್ದರು, ಹಾಗೇ ವಾಪಸು ಬಂದೆ. ನನ್ನ ಅಂಗಡಿ ಇರುವುದು ಮೆಟ್ಟಿಲ ಕೆಳಗೆ. ಎಂಥ ದೊಡ್ಡ ಮನುಷ್ಯರು ಬಂದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಜೀವನದಲ್ಲಿ ನನಗೆ ಪುಕ್ಕಟೆ ಸಿಕ್ಕಿದ ಮರ್ಯಾದೆ ಅದೊಂದೇ.

ನನಗೊಬ್ಬ ಷಡ್ಡಕ ಇದ್ದಾನೆ. ನನ್ನ ಹೆಂಡತಿಯ ಅಕ್ಕನ ಗಂಡ. ಲಿಫ್ಟ್ ರಿಪೇರಿ ಅವನ ಕೆಲಸ. ದೇವರು ಮನುಷ್ಯನಿಗೆ ಮೊದಲು ಹೊಟ್ಟೆ ಕೊಟ್ಟ, ಆಮೇಲೆ ಅದರೊಳಗೆ ಕಿಚ್ಚು ಆರದ ಹಾಗೆ ನೋಡಿಕೊಳ್ಳಲು ಷಡ್ಡಕನನ್ನು ಕೊಟ್ಟ. ಡಾಕ್ಟರು ಒಂದೇ ದಿನ ಇಬ್ಬರ ಬಿಪಿ ನೋಡಿದರೆ ಅವನದ್ದು "ಬಹಳ ಚೆನ್ನಾಗಿದೆ", ನನ್ನದು "ಪರವಾಗಿಲ್ಲ". ಬೋಳುತಲೆಯಲ್ಲೂ ಹಾಗೆಯೇ. ಅವನದ್ದು ಕನ್ನಡಿಯ ಹಾಗೆ ನುಣ್ಣಗೆ ಹೊಳೆಯುತ್ತದೆ. ನನ್ನದು ಕಚ್ಚಾ ಹೊಲಿಗೆ ಹಾಕಿ ಅರ್ಧಕ್ಕೆ ಬಿಟ್ಟ ಹಾಗಿದೆ.

ಭಾನುವಾರ ಮಧ್ಯಾಹ್ನ ಎಲ್ಲರಿಗೂ ಅತ್ತೆಯ ಮನೆಯಲ್ಲಿ ಊಟ. ಅತ್ತೆ ಇರುವುದು ಒಂದು ದೊಡ್ಡ ಕಟ್ಟಡದ ಮೂರನೇ ಮಹಡಿಯಲ್ಲಿ, ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವನೂ ಇದೇ ಷಡ್ಡಕ. ಊಟಕ್ಕೆ ಕೂತ ಕೂಡಲೇ ಅತ್ತಿಗೆ, ಅಂದರೆ ಷಡ್ಡಕನ ಹೆಂಡತಿ, ಶುರುಮಾಡುತ್ತಾರೆ. "ನಮ್ಮನೆಯವರು ಹೇಳ್ತಿದ್ರು", "ನಮ್ಮನೆಯವರು ತಂದ್ರು", "ನಮ್ಮನೆಯವರು ಸೀನಿದ್ರೂ ಎರಡೇ ಸಲ ಸೀನೋದು, ಲೆಕ್ಕಕ್ಕೆ ತಪ್ಪಲ್ಲ". ನನ್ನ ಹೆಂಡತಿ ಹತ್ತೊಂಬತ್ತು ವರ್ಷದಲ್ಲಿ ತವರುಮನೆಯಲ್ಲಿ ಒಂದೇ ಒಂದು ಸಲ "ನಮ್ಮನೆಯವರು" ಎಂದು ಬಾಯಿ ತೆರೆದವಳಲ್ಲ. ನನ್ನನ್ನು "ಇವರು" ಅನ್ನುತ್ತಾಳೆ, ಅದೂ ಬೆರಳು ತೋರಿಸಿ, ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಚೀಲ ತೋರಿಸುವ ಹಾಗೆ. ಅಕ್ಕನ ಎದುರಿಗೆ, ಅಮ್ಮನ ಎದುರಿಗೆ, ಅವಳ ಬಾಯಿಂದ ಆ ಒಂದು ಮಾತು ಕೇಳಬೇಕು. ನನಗಿದ್ದದ್ದು ಅದೊಂದೇ ಆಸೆ.

ಒಂದು ಭಾನುವಾರ ಷಡ್ಡಕ ಕೈ ತೊಳೆಯುವ ಮೊದಲೇ ಫೋನ್ ತೆಗೆದ. ಅವನಿಗೆ ಫೋನಿನಲ್ಲಿ ಗೇಮ್ ಆಡುವ ಚಾಳಿ. ಗೇಮ್‌ಗಳ ಸುದ್ದಿಯನ್ನಷ್ಟೇ ಹಾಕುವ ಒಂದು ವೆಬ್‌ಸೈಟ್ ಇದೆಯಂತೆ, ಐದು ಸಾವಿರ ಜನ ಓದುತ್ತಾರಂತೆ, ಅಲ್ಲೇ ಕೂತು ಹರಟುತ್ತಾರಂತೆ. ಆ ವೆಬ್‌ಸೈಟಿನವರು "ನಾವು ಇನ್ನೂ ಚೆನ್ನಾಗಬೇಕಾದರೆ ಏನು ಮಾಡಬೇಕು, ಓದುಗರೇ ಹೇಳಿ" ಎಂದು ಕೇಳಿದ್ದರಂತೆ. ಇವನು ಒಂದು ಸಾಲು ಬರೆದನಂತೆ: ಅಕ್ಷರ ದೊಡ್ಡದು ಮಾಡಿ. ಅವರು ಮಾಡಿಯೇಬಿಟ್ಟರಂತೆ. ಇವನ ಹೆಸರಿನ ಪಕ್ಕ ಒಂದು ಚಿನ್ನದ ಬಣ್ಣದ ನಕ್ಷತ್ರವನ್ನೂ ಅಂಟಿಸಿದರಂತೆ. ಅಲ್ಲಿ ಇವನ ಹೆಸರು ಸಿಡಿಲಮರಿ. ವಯಸ್ಸು ಐವತ್ತೆರಡು.

ಅತ್ತೆ ಫೋನನ್ನು ಕೈಯಳತೆ ದೂರ ಹಿಡಿದು ನೋಡಿದರು. "ಅಯ್ಯೋ, ಕನ್ನಡಕ ಇಲ್ದೇನೇ ಓದಕ್ಕಾಗ್ತಿದೆ ಕಣ್ರೇ. ದೊಡ್ಡಳಿಯಂದ್ರು ಒಂದು ಮಾತು ಹೇಳಿದ್ದಕ್ಕೆ ಐದು ಸಾವಿರ ಜನಕ್ಕೆ ಕಣ್ಣು ಬಂತು."

"ನಮ್ಮನೆಯವರು ಮಾತಾಡೋದು ಕಮ್ಮಿ," ಅಂದರು ಅತ್ತಿಗೆ, "ಆಡಿದ್ರೆ ಊರಿಗೇ ಆಗಬೇಕು."

ನಾನು ಅನ್ನ ನುಂಗಿದೆ. ಅದು ಕೆಳಗೆ ಹೋಗಲಿಲ್ಲ, ಅಲ್ಲೇ ನಿಂತು ಹೊಗೆಯಾಡಿತು.

ಮನೆಗೆ ಬಂದು ಬಾಗಿಲ ಬೀಗ ತೆಗೆಯುತ್ತಾ ಹೆಂಡತಿ ಅಂದಳು: "ಭಾವನ ಮಾತು ಕೇಳೋಕೆ ಐದು ಸಾವಿರ ಜನ ಇದ್ದಾರೆ. ನಿಮ್ಮ ಮಾತು ಯಾರು ಕೇಳ್ತಾರೆ ಹೇಳಿ. ನಾನೇ ಕೇಳಲ್ಲ."

ಮರುದಿನ ಬೆಳಿಗ್ಗೆಯೇ ಪಕ್ಕದ ಔಷಧಿ ಅಂಗಡಿಯವನ ಹತ್ತಿರ ಹೋದೆ. ಡಾಕ್ಟರುಗಳ ಕೈಬರಹ ಓದುವ ಪ್ರಾಣಿ ಅವನು, ಅವನು ಓದಲಾರದ್ದು ಭೂಮಿಯ ಮೇಲೆ ಯಾವುದೂ ಇಲ್ಲ. ನನ್ನ ಫೋನಿನಲ್ಲಿ ಆ ವೆಬ್‌ಸೈಟ್ ತೆರೆದುಕೊಟ್ಟ. "ಹೆಸರು ಏನಂತ ಹಾಕಲಿ?" ಅಂದ. ಕತ್ತರಿ ಅಂತ ಹಾಕಿಸಿದೆ, ಕೆಳಗೆ ನನ್ನ ಫೋನ್ ನಂಬರು.

"ಇಲ್ಲಿ ನೋಡಿ," ಅಂದ, "ಯಾರು ಏನು ಬರೆದಿದ್ರೂ ಅದರ ಕೆಳಗೆ ಎರಡು ಹೆಬ್ಬೆರಳು ಇರುತ್ತೆ. ಇಷ್ಟ ಆದ್ರೆ ಮೇಲಿಂದು ಒತ್ತಿ. ಆಗ್ಲಿಲ್ಲ ಅಂದ್ರೆ ಕೆಳಗಿಂದು."

"ಒತ್ತಿದ್ದು ಯಾರು ಅಂತ ಗೊತ್ತಾಗುತ್ತಾ?"

"ಇಲ್ಲ. ಗುಟ್ಟಾಗಿರುತ್ತೆ."

ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಮನುಷ್ಯರು ಮಾಡಿಟ್ಟಿದ್ದಾರೆ, ನನಗೆ ಯಾರೂ ಹೇಳಿರಲಿಲ್ಲ. ಸಿಡಿಲಮರಿ ಅಕ್ಷರದ ಬಗ್ಗೆ ಬರೆದ ಸಾಲು ಹುಡುಕಿ ಕೆಳಗಿನ ಹೆಬ್ಬೆರಳು ಒತ್ತಿದೆ. ಬೇಸಿಗೆಯಲ್ಲಿ ತಣ್ಣೀರು ಕುಡಿದ ಹಾಗಾಯಿತು. ಹಳೆಯದೊಂದನ್ನು ಹುಡುಕಿ ಒತ್ತಿದೆ. ಇನ್ನೊಂದು ತಂಬಿಗೆ ಕುಡಿದ ಹಾಗಾಯಿತು. ಅಂದಿನಿಂದ ಅದೇ ನನ್ನ ನಿತ್ಯಕರ್ಮ. ಬೆಳಿಗ್ಗೆ ಆರು ಗಂಟೆಗೆ ಎದ್ದು, ಮುಖ ತೊಳೆದು, ಯಂತ್ರಕ್ಕೆ ಎಣ್ಣೆ ಬಿಟ್ಟು, ಷಡ್ಡಕನಿಗೆ ಕೆಳಗಿನ ಹೆಬ್ಬೆರಳು. ನಾನು ಓದುವುದು ನಿಧಾನ, ಅಕ್ಷರ ಅಕ್ಷರ ಕೂಡಿಸಿ ಓದಬೇಕು. ಆದರೂ ಒಂದನ್ನೂ ಓದದೆ ಒತ್ತಲಿಲ್ಲ. ಕೆಲಸ ಅಂದಮೇಲೆ ನಿಯತ್ತು ಬೇಕು.

ಆದರೆ ಹೆಬ್ಬೆರಳಿನಿಂದ ನಕ್ಷತ್ರ ಬರುವುದಿಲ್ಲ. ನಾನೂ ಸಲಹೆ ಕೊಡಬೇಕಲ್ಲ. ಗೇಮ್ ಅಂದರೆ ನನಗೇನು ಗೊತ್ತು, ಮಣ್ಣು. ಹಾಗಾಗಿ ಚಿತ್ರ ನೋಡಿದೆ. ಮುಖಪುಟದಲ್ಲೇ ಒಬ್ಬಳು ಯೋಧೆ ಕತ್ತಿ ಹಿಡಿದು ನಿಂತಿದ್ದಾಳೆ, ಮೈಗೆ ಉಕ್ಕಿನ ಅಂಗಿ. ನೋಡಿದ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಟೇಪು ಹುಡುಕಿತು. ಔಷಧಿ ಅಂಗಡಿಯವನನ್ನು ಕೂರಿಸಿ ಬರೆಸಿದೆ:

"ಈ ಹೆಂಗಸಿನ ಅಂಗಿಗೆ ಕಂಕುಳಲ್ಲಿ ಜಾಗ ಬಿಟ್ಟಿಲ್ಲ. ಕತ್ತಿ ಎತ್ತಿದರೆ ಅಂಗಿಯೂ ಮೇಲೆದ್ದು ಅವಳ ಗದ್ದಕ್ಕೇ ಬಡಿಯುತ್ತದೆ, ಶತ್ರು ಬೇಕಾಗಿಲ್ಲ. ಹಿಂದೆ ನಿಂತ ರಾಜನ ನಿಲುವಂಗಿ ಎರಡು ಗೇಣು ಉದ್ದ ಜಾಸ್ತಿ. ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿ ರಾಜ್ಯ ಕಳಕೊಳ್ಳುತ್ತಾನೆ. ಇದನ್ನೆಲ್ಲ ನೋಡದೆ ನೀವು ಕೆಳಗೆ 'ಅದ್ಭುತವಾದ ಗೇಮ್' ಎಂದು ಬರೆದಿದ್ದೀರಿ. ಹಾಕಿಕೊಂಡು ನೋಡದೆ ಬಟ್ಟೆ ಚೆನ್ನಾಗಿದೆ ಅನ್ನಬಾರದು. ಸುದ್ದಿಗೂ ಟ್ರಯಲ್ ಇರಬೇಕು."

ಕೊನೆಯಲ್ಲಿ ಔಷಧಿಯವನು ಅಭ್ಯಾಸಬಲದಿಂದ "ದಿನಕ್ಕೆ ಎರಡು ಸಲ, ಊಟದ ನಂತರ" ಎಂದು ಸೇರಿಸಿಬಿಟ್ಟ. ಅಳಿಸುವಷ್ಟರಲ್ಲಿ ಹೋಗಿಯಾಗಿತ್ತು.

ಎರಡು ದಿನಕ್ಕೆ ಮುನ್ನೂರು ಮೇಲಿನ ಹೆಬ್ಬೆರಳು ಬಂದವು. ಜನ ಒಬ್ಬರಿಗೊಬ್ಬರು ಬರೆದುಕೊಂಡರು. ಯಾರಿವರು, ಇಷ್ಟು ದಿನ ಎಲ್ಲಿದ್ದರು, ಇಂಥ ವಿಮರ್ಶೆ ಕಂಡಿರಲಿಲ್ಲ, ಅದರಲ್ಲೂ "ಊಟದ ನಂತರ" ಎಂಬ ಮಾತಿನಲ್ಲಿ ಎಷ್ಟೊಂದು ಅರ್ಥವಿದೆ, ಹೀಗೆಲ್ಲ. ಮೂರನೇ ದಿನ ಫೋನ್ ಬಂತು.

"ಕತ್ತರಿ ಅವರಾ ಸರ್?" ಹೆಣ್ಣು ದನಿ.

"ಶುಕ್ರವಾರ ಖಂಡಿತ ಕೊಡ್ತೀನಿ ಮೇಡಂ, ಗುಂಡಿ ಹಾಕೋದೊಂದೇ ಬಾಕಿ."

"ಅಲ್ಲ ಸರ್, ನಾನು ಗೇಮ್ ಸುದ್ದಿಯ ಸಂಪಾದಕಿ. ನಿಮ್ಮ ಮಾತು ಓದಿ ನಮ್ಮ ಆಫೀಸೇ ಅಲ್ಲಾಡಿಹೋಯ್ತು. ಎಷ್ಟು ವರ್ಷದಿಂದ ಈ ಲೈನಲ್ಲಿದ್ದೀರಿ?"

"ಇಪ್ಪತ್ತೆಂಟು."

"ಇಪ್ಪತ್ತೆಂಟಾ? ಆಗ ಈ ಡಿಸೈನ್ ಗಿಸೈನ್ ಎಲ್ಲಿತ್ತು ಸರ್?"

"ಎಲ್ಲೂ ಇರ್ಲಿಲ್ಲ. ನಾನೇ ಹಳೇ ಪೇಪರ್ ಕತ್ತರಿಸಿ ಮಾಡ್ಕೋತಿದ್ದೆ."

ಆ ಕಡೆ ಪೆನ್ನು ಕಾಗದದ ಮೇಲೆ ಸರಸರ ಓಡಿತು. "ಈಗ ಎಷ್ಟು ಜನರ ಕೈಲಿ ಕೆಲಸ ಮಾಡಿಸ್ತೀರಿ ಸರ್?"

"ಕೈಯಿಂದ ಒಬ್ಬನೇ. ಮೊದಲು ಕಾಲಲ್ಲೂ ತುಳೀತಿದ್ದೆ, ಈಗ ಕರೆಂಟಿಂದು."

ಇವರು ಯಾರೋ ಏಕಾಂಗಿಯಾಗಿ ದೊಡ್ಡ ದೊಡ್ಡ ಗೇಮ್ ಮಾಡುವ ಮಹಾನುಭಾವ ಎಂದು ಆಯಮ್ಮ ನಿರ್ಧರಿಸಿದ್ದರೆಂದು ನನಗೆ ಆಮೇಲೆ ತಿಳಿಯಿತು. ಆವತ್ತು ತಿಳಿದಿದ್ದರೂ ನಾನೇನೂ ತಿದ್ದುತ್ತಿರಲಿಲ್ಲ ಬಿಡಿ.

"ಸರ್, ಇನ್ನೊಂದು ಸಲಹೆ ಬೇಕಿತ್ತು," ಅಂದರು. "ನಮ್ಮ ಹರಟೆ ಕಟ್ಟೇಲಿ ಜಗಳ ವಿಪರೀತ. ನನ್ನ ಗೇಮ್ ದೊಡ್ಡದು, ನಿನ್ನ ಗೇಮ್ ಕಸ ಅಂತ ಶುರುವಾಗಿ ಅಪ್ಪ ಅಮ್ಮನ ತನಕ ಹೋಗುತ್ತೆ. ಬೈದು ನೋಡಿದ್ವಿ, ಹೊರಗೆ ಹಾಕಿ ನೋಡಿದ್ವಿ. ಬೇರೆ ಹೆಸರಲ್ಲಿ ವಾಪಸು ಬರ್ತಾರೆ. ನಿಮ್ಮಲ್ಲಿ ಜಗಳ ಆದ್ರೆ ಏನು ಮಾಡ್ತೀರಿ?"

ಇದಕ್ಕೆ ನಾನು ಯೋಚನೆ ಮಾಡಬೇಕಾಗಲಿಲ್ಲ. "ಅಳತೆ ತಗೋತೀನಿ ಮೇಡಂ."

"ಹಂಗಂದ್ರೆ?"

"ಅಂಗಡೀಲಿ ಯಾರಾದ್ರೂ ಕೂಗಾಡಿದ್ರೆ ನಾನು ಎದುರು ಮಾತಾಡಲ್ಲ. 'ಒಂದ್ನಿಮಿಷ ಬನ್ನಿ, ಅಳತೆ ಇನ್ನೊಂದ್ಸಲ ನೋಡಣ' ಅಂತ ಟೇಪು ಹಾಕ್ತೀನಿ. ಸೊಂಟದ ಸುತ್ತಳತೆ ಜೋರಾಗಿ ಓದ್ತೀನಿ. ಬೀದಿಗೆ ಕೇಳೋ ಹಾಗೆ. ಆಮೇಲೆ ಅವರ ದನಿ ಏಳೋದಿಲ್ಲ."

ಸಂಪಾದಕಿ ಒಂದೊಂದೇ ಮಾತು ಜೋಡಿಸುತ್ತಾ ಅಂದರು: "ಅಂದ್ರೆ, ಯಾರ್ಯಾರು ಏನೇನು ಮಾಡ್ತಾರೋ ಅದರ ಲೆಕ್ಕಾನ ಅವರ ಹೆಸರಿನ ಪಕ್ಕದಲ್ಲೇ ಎಲ್ಲರಿಗೂ ಕಾಣೋ ಹಾಗೆ ಹಾಕಿಬಿಡೋದು. ಎಷ್ಟು ಕಾಮೆಂಟ್ ಬರೆದ್ರು, ಎಷ್ಟು ಗಂಟೆಗೆ ಬರೆದ್ರು, ಎಲ್ಲ."

"ಅದೇ ಮೇಡಂ. ಸುತ್ತಳತೆ."

ಷಡ್ಡಕ ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ ಬರೆಯುವವನು ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲದ ಹಾಗೆ "ಅದೇ" ಅಂದೆ.

ಒಂದು ತಿಂಗಳು ಹಿಡಿಯುತ್ತದೆ, ಇಂಥ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಶುರು, ನಿಮ್ಮ ಹೆಸರಿನ ಪಕ್ಕ ನಕ್ಷತ್ರವೂ ಬರುತ್ತದೆ ಎಂದರು. ನಾನು ಆ ಒಂದು ತಿಂಗಳು ಬಟ್ಟೆ ಹೊಲಿದೆನೋ, ಗಾಳಿ ಹೊಲಿದೆನೋ, ಗೊತ್ತಿಲ್ಲ. ಒಬ್ಬರ ತೋಳು ಇನ್ನೊಬ್ಬರಿಗೆ ಹೋಯಿತು. ಹೆಂಡತಿಗೆ ಹೇಳಿದೆ. ಅವಳು ಮೊದಲು ನನ್ನ ಹಣೆ ಮುಟ್ಟಿ ನೋಡಿದಳು, ಆಮೇಲೆ ಫೋನು ನೋಡಿದಳು, ಆಮೇಲೆ ಯಾರೂ ಕೇಳದಿದ್ದರೂ ತವರಿಗೆ ಫೋನ್ ಮಾಡಿ "ಆ ಭಾನುವಾರ ಎಲ್ಲರೂ ಮನೇಲೇ ಇರಿ" ಅಂದಳು.

ಆ ಭಾನುವಾರ ನಾನೇ ಊರೆಲ್ಲ ಕರೆದೆ. ಔಷಧಿ ಅಂಗಡಿಯವನು ಬಂದ. ಅತ್ತೆಯ ಕಟ್ಟಡದ ಸಂಘದ ಕಾರ್ಯದರ್ಶಿ, ಇಸ್ತ್ರಿ ಹಾಕಿದ ಅಂಗಿಯಲ್ಲೇ ಹುಟ್ಟಿದಂಥ ಮನುಷ್ಯ, ಅವರೂ ಬಂದರು. ಔಷಧಿಯವನು ಫೋನಿನಲ್ಲಿದ್ದುದನ್ನು ಅತ್ತೆಯ ಟೀವಿಯಲ್ಲಿ ಕಾಣುವ ಹಾಗೆ ಮಾಡಿದ. ಷಡ್ಡಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಏನಪ್ಪಾ ತಮ್ಮ," ಅಂದ, "ನನ್ನ ನೋಡಿ ನೀನೂ ಇಳಿದುಬಿಟ್ಟೆ ಗೇಮಿಗೆ. ಸಂತೋಷ."

"ನಿಮ್ಮ ಆಶೀರ್ವಾದ ಅಣ್ಣ," ಅಂದೆ.

ಹನ್ನೆರಡಾಯಿತು. ಎಲ್ಲ ಹೆಸರುಗಳ ಪಕ್ಕದಲ್ಲೂ ಅಂಕಿಗಳು ಮೊಳಕೆ ಒಡೆದವು. ಔಷಧಿಯವನು ಸಿಡಿಲಮರಿಯ ಹೆಸರು ಒತ್ತಿ ಗಟ್ಟಿಯಾಗಿ ಓದಿದ: "ಒಟ್ಟು ಕಾಮೆಂಟ್ ನಾನೂರ ಹನ್ನೊಂದು. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ಒಳಗೆ, ಮುನ್ನೂರ ತೊಂಬತ್ತೇಳು."

"ನಮ್ಮನೆಯವರು ಆ ಹೊತ್ತಲ್ಲಿ ಡ್ಯೂಟೀಲಿರ್ತಾರೆ," ಅಂದರು ಅತ್ತಿಗೆ. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಅರ್ಥವಾಗಿ ಬಾಯಿ ಮುಚ್ಚಿಕೊಂಡರು.

ಕಾರ್ಯದರ್ಶಿಗಳು ಎದ್ದು ಟೀವಿಯ ಹತ್ತಿರ ಹೋದರು. "ಹೋದ ಮಂಗಳವಾರದ್ದು ತೋರಿಸಿ."

ತೋರಿಸಿದ. ಮಂಗಳವಾರ, ಹನ್ನೊಂದು ಇಪ್ಪತ್ತು. "ಗೆಳೆಯರೇ, ಕೊನೆಗೂ ಮೂರನೇ ಹಂತ ದಾಟಿದೆ."

"ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ," ಅಂದರು ಕಾರ್ಯದರ್ಶಿ, "ನಾನು ಮೂರನೇ ಮಹಡಿ ದಾಟಿರಲಿಲ್ಲ. ಎರಡು ಮತ್ತು ಮೂರರ ಮಧ್ಯೆ ಲಿಫ್ಟಲ್ಲಿ ನೇತಾಡ್ತಿದ್ದೆ. ಒಂದು ಗಂಟೆ ನಲವತ್ತು ನಿಮಿಷ. ಫೋನ್ ಮಾಡಿದ್ರೆ ನೀವು 'ದಾರೀಲಿದ್ದೀನಿ ಸರ್, ಟ್ರಾಫಿಕ್ಕು' ಅಂದ್ರಿ."

ಷಡ್ಡಕ ಕಾಲ ಮೇಲಿನ ಕಾಲು ಇಳಿಸಿದ. "ಅದು ಬೇರೆ ಮಂಗಳವಾರ ಇರಬೇಕು ಸರ್."

"ಹನ್ನೆರಡು ಗಂಟೆಗೆ ಏನಿದೆ, ಅದೂ ಓದಿ."

"'ನಾಲ್ಕನೇ ಹಂತ ಕಷ್ಟ. ಅವಸರ ಮಾಡಬಾರದು, ನಿಧಾನವಾಗಿ ಆಡಿ.'"

ಕಾರ್ಯದರ್ಶಿಗಳು ಕೂತುಬಿಟ್ಟರು. ನಾನು ತಲೆ ತಗ್ಗಿಸಿ ವಿಷಾದದಿಂದ ಕೂತಿದ್ದೆ. ಅಷ್ಟು ವಿಷಾದವನ್ನು ಮುಖದ ಮೇಲೆ ನಿಲ್ಲಿಸಿಕೊಳ್ಳಬೇಕಾದರೆ ಎಷ್ಟು ಕಷ್ಟವೆಂದು ಆವತ್ತೇ ನನಗೆ ಗೊತ್ತಾದದ್ದು. ಎರಡು ಕೆನ್ನೆಯೂ ನೋಯತೊಡಗಿದವು.

ಅಷ್ಟರಲ್ಲಿ ಅತ್ತೆ, ಪಾಪ, ಮಾತು ಮರೆಸಲು ಅಂದರು: "ಹೋಗ್ಲಿ ಬಿಡಿ. ಚಿಕ್ಕಳಿಯಂದ್ರದು ತೋರಿಸಿ, ಅವರದೇ ಅಲ್ವಾ ಈ ಪದ್ಧತಿ."

ಔಷಧಿಯವನು ಕತ್ತರಿಯನ್ನು ಒತ್ತಿದ. ಹೆಸರಿನ ಪಕ್ಕದಲ್ಲಿ ಚಿನ್ನದ ನಕ್ಷತ್ರ ಫಳ್ಳನೆ ಹೊಳೆಯಿತು. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. "ಒಟ್ಟು ಕಾಮೆಂಟ್ ಒಂದು," ಎಂದು ಓದಿದ. "ಒತ್ತಿದ ಮೇಲಿನ ಹೆಬ್ಬೆರಳು, ಸೊನ್ನೆ. ಒತ್ತಿದ ಕೆಳಗಿನ ಹೆಬ್ಬೆರಳು..." ಎಂದು ನಿಲ್ಲಿಸಿ ನನ್ನ ಮುಖ ನೋಡಿದ.

ಹೆಬ್ಬೆರಳಿನ ಲೆಕ್ಕವನ್ನೂ ಹಾಕಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಸಂಪಾದಕಿ "ಎಲ್ಲ" ಅಂದಿದ್ದರು. ಎಲ್ಲ ಅಂದರೆ ಎಲ್ಲ ಎಂದು ನನಗೆ ಆಗ ಹೊಳೆಯಿತು.

"ಓದಪ್ಪ," ಅಂದರು ಅತ್ತೆ. ಅವನು ಓದಲಿಲ್ಲ. ಅವರೇ ಓದಿದರು. ಕನ್ನಡಕ ಬೇಕಾಗಲಿಲ್ಲ, ಅಕ್ಷರ ಅಷ್ಟು ದೊಡ್ಡದಿತ್ತು. "ನಾನೂರ ಹನ್ನೊಂದು. ಯಾರಿಗೆ? ಸಿಡಿಲಮರಿಗೆ, ನಾನೂರ ಹನ್ನೊಂದು."

ಅತ್ತೆ ಕೆಳಗೆ ಕೆಳಗೆ ಓದುತ್ತಾ ಹೋದರು. ಒಂದು ಕಡೆ ನಿಂತರು. ಷಡ್ಡಕ ಹರಟೆ ಕಟ್ಟೆಯಲ್ಲಿ ಬರೆದದ್ದು: "ನಮ್ಮ ಅತ್ತೆಯವರ ಮಂಡಿ ಆಪರೇಷನ್ ಚೆನ್ನಾಗಿ ಆಯಿತು, ಈಗ ಕೋಲಿಲ್ಲದೆ ನಡೆಯುತ್ತಿದ್ದಾರೆ." ಅದಕ್ಕೆ ನೂರಾರು ಮೇಲಿನ ಹೆಬ್ಬೆರಳು. ಕೆಳಗಿನದು ಒಂದೇ ಒಂದು. ಕತ್ತರಿ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ.

"ನನ್ನ ಮಂಡಿ ನಿಮಗೇನು ಮಾಡಿತ್ತು ಅಳಿಯಂದ್ರೇ?" ಅಂದರು ಅತ್ತೆ.

"ಅತ್ತೆ, ಅದು ಮಂಡಿಗಲ್ಲ," ಅಂದೆ. "ಬರೆದ ರೀತಿಗೆ."

ಷಡ್ಡಕ ಎದ್ದ. ಈಗ ಹೊಡೆಯುತ್ತಾನೆ ಎಂದುಕೊಂಡು ನಾನು ಔಷಧಿಯವನ ಪಕ್ಕಕ್ಕೆ ಸರಿದೆ. ಏನಾದರೂ ಆದರೆ ಹತ್ತಿರದಲ್ಲಿರಲಿ ಎಂದು. ಆದರೆ ಆ ಮನುಷ್ಯ ಟೀವಿಯ ಎದುರು ನಿಂತು ಎರಡೂ ಅಂಕಿ ನೋಡಿದ, ನನ್ನನ್ನು ನೋಡಿದ, ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ನಾನು ಬರೆದದ್ದು ನಾನೂರ ಹನ್ನೊಂದು. ನೀನು ಒತ್ತಿದ್ದೂ ನಾನೂರ ಹನ್ನೊಂದು," ಅಂದ. "ಓದಿ ಒತ್ತಿದ್ಯೋ, ಸುಮ್ನೆ ಒತ್ತಿದ್ಯೋ?"

"ಓದೇ ಒತ್ತಿದ್ದು ಅಣ್ಣ. ಒಂದೊಂದಕ್ಕೆ ಕಾಲು ಗಂಟೆ."

"ನೋಡೇ," ಅಂದ ಹೆಂಡತಿಗೆ. "ನೀನು ಒಂದಾದ್ರೂ ಓದಿದ್ದೀಯಾ? ಐದು ಸಾವಿರ ಜನದಲ್ಲಿ ನಾನು ಬರೆದದ್ದೆಲ್ಲ ಓದಿದ ಒಬ್ಬನೇ ಒಬ್ಬ ಮನುಷ್ಯ ಇವನು."

ಅತ್ತಿಗೆಗೆ ಇದನ್ನು ಸಹಿಸಲಾಗಲಿಲ್ಲ. "ಓದಿದ್ರಂತೆ. ಯಾರಿಗೆ ಬೇಕು ಅಂಥ ಓದು? ನಮ್ಮನೆಯವರು ಕೂತು ಅಷ್ಟು ಬರೆದ್ರು. ಇವರು ಹೊಟ್ಟೆ ಉರಿಗೆ ಬೆರಳು ಒತ್ತಿದ್ರು, ಅಷ್ಟೇ."

ಅದುವರೆಗೆ ಗೋಡೆಗೆ ಒರಗಿ ನಿಂತಿದ್ದ ನನ್ನ ಹೆಂಡತಿ ನೆಟ್ಟಗೆ ನಿಂತಳು. "ಅಕ್ಕ, ಸುಮ್ನಿರು. ಭಾವ ಡ್ಯೂಟಿ ಬಿಟ್ಟು ಬರೆದ್ರು. ನಮ್ಮನೆಯವರು ಡ್ಯೂಟಿಗೆ ಮುಂಚೆ ಎದ್ದು ಒತ್ತಿದ್ದಾರೆ. ನಮ್ಮನೆಯವರು ಒಂದು ದಿನ ಬಿಟ್ಟಿಲ್ಲ, ಒಂದು ಕಾಮೆಂಟ್ ಬಿಟ್ಟಿಲ್ಲ. ಹೊಟ್ಟೆಕಿಚ್ಚು ಪಟ್ರೂ ನಮ್ಮನೆಯವರು ಒಬ್ಬರ ಮೇಲೇ ನಿಯತ್ತಾಗಿ ಪಟ್ರು. ಕಂಡಕಂಡೋರ ಮೇಲೆ ಪಡಲಿಲ್ಲ."

ಆರು ವಾಕ್ಯದಲ್ಲಿ ಮೂರು ಸಲ. ನಾನು ಬೆರಳಲ್ಲಿ ಎಣಿಸಿಕೊಂಡೆ. ಆಮೇಲೆ ಮನೆಗೆ ಬಂದು ಅವಳು ನನಗೆ ಏನೇನು ಅಂದಳು ಎಂಬುದು ಈ ಕಥೆಗೆ ಸೇರಿದ್ದಲ್ಲ. ಮೂರು ದಿನ ನಾನು ಅಂಗಡಿಯಲ್ಲೇ ಊಟ ಮಾಡಿದೆ ಎಂದರೆ ಸಾಕು.

ಅತ್ತ ವೆಬ್‌ಸೈಟಿನಲ್ಲಿ ನನ್ನ ಪದ್ಧತಿ ಗೆದ್ದಿತು. ಜಗಳ ಪೂರ್ತಿ ನಿಂತುಹೋಯಿತು. ಎಷ್ಟು ನಿಂತಿತೆಂದರೆ ಯಾರೂ ಏನನ್ನೂ ಬರೆಯಲಿಲ್ಲ. ಐದು ಸಾವಿರ ಜನ ಬಾಯಿ ಹೊಲಿದುಕೊಂಡು ಕೂತರು. ಹರಟೆ ಕಟ್ಟೆಯಲ್ಲಿ ನೊಣ ಹಾರಿದರೂ ಕೇಳುತ್ತಿತ್ತು. ಸಂಪಾದಕಿ ಮತ್ತೆ ಓದುಗರನ್ನೇ ಕೇಳಿಕೊಂಡರು, ಏನು ಮಾಡಲಿ ಹೇಳಿ ಎಂದು. ಒಬ್ಬನೇ ಒಬ್ಬ ಧೈರ್ಯ ಮಾಡಿ ಬರೆದ: "ಆ ಲೆಕ್ಕ ತೆಗೆದುಹಾಕಿ." ಅವರು ತೆಗೆದುಹಾಕಿದರು. ಬರೆದವನಿಗೆ ಇನ್ನೊಂದು ನಕ್ಷತ್ರ ಕೊಟ್ಟರು.

ಯಾರು ಬರೆದದ್ದು ಎಂದು ಕೇಳುತ್ತೀರಾ? ಈಗ ಅವನಿಗೆ ಎರಡು ನಕ್ಷತ್ರ, ನನಗೆ ಒಂದು. ಎರಡನೆಯದನ್ನು ಅವನು ಗಳಿಸಿದ್ದು ನನ್ನ ಪದ್ಧತಿಯನ್ನು ಅಳಿಸಿ. ಅತ್ತಿಗೆ ಮತ್ತೆ ಮೊದಲಿನ ದನಿಗೆ ಬಂದಿದ್ದಾರೆ. ನನ್ನ ಹೆಂಡತಿ ಹೋದ ಭಾನುವಾರ ನನ್ನನ್ನು "ಇವರು" ಅಂದಳು, ಬೆರಳು ಬೇರೆ ತೋರಿಸಿ.

ವರ್ಷದ ಒಳ್ಳೆಯ ಸಲಹೆ ಯಾವುದು ಎಂದು ಈಗ ಓದುಗರ ಮತ ಕೇಳಿದ್ದಾರೆ. ಇವತ್ತು ಸಂಜೆಯವರೆಗೂ ಅವಕಾಶವಿದೆ. ನಿಮ್ಮ ಬಟ್ಟೆ ತಯಾರಾಗಿದೆ, ಗುಂಡಿಯೂ ಆಯಿತು, ಇಸ್ತ್ರಿಯೂ ಆಯಿತು, ಇಗೋ ಈ ಹಲಗೆಯ ಕೆಳಗೆ ನನ್ನ ಕಾಲ ಹತ್ತಿರ ಇದೆ. ಅದು ಮೇಲೆ ಬರುವ ಮುಂಚೆ ನಿಮ್ಮ ಫೋನ್ ಸ್ವಲ್ಪ ಇತ್ತ ಕೊಡಿ. ಕತ್ತರಿ ಎಂಬ ಹೆಸರಿಗೆ ಮೇಲಿನ ಹೆಬ್ಬೆರಳು ನೀವೇ ಒತ್ತಿ. ಕೆಳಗಿನದನ್ನು ಯಾರಿಗೆ ಒತ್ತಬೇಕೆಂದು ನಾನು ಹೇಳುವುದಿಲ್ಲ, ಅದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಈಗ ಲೆಕ್ಕ ಯಾರಿಗೂ ಕಾಣುವುದಿಲ್ಲ, ಹೆದರಬೇಡಿ. ಮನೆಯಲ್ಲಿ ಇನ್ನೆಷ್ಟು ಫೋನ್ ಇವೆ ಅಂದಿರಿ?